ಶೂಮನ್, ಬ್ರಾಮ್ಸ್, ದ್ವೋರ್ಜಾಕ್: ಯಾವ ಪಿಯಾನೊ ಕ್ವಿಂಟೆಟ್ ಕಛೇರಿಗೆ ಟಿಕೆಟ್ ತೆಗೆಯೋದು?

ಲಂಡನ್, ಮ್ಯೂನಿಕ್, ಬಾಸ್ಟನ್ ಕಡೆ ಇರುವ ಕನ್ನಡಿಗ ಗೆಳೆಯರು ಆಗಾಗ ಕೇಳುವ ಪ್ರಶ್ನೆ ಇದು. ಊರಿನ ಸಣ್ಣ ಸಭಾಂಗಣದ ಕಾರ್ಯಕ್ರಮ ಪಟ್ಟಿ ಬಂದಿರುತ್ತದೆ. ಒಂದು ಸಂಜೆ ಶೂಮನ್, ಇನ್ನೊಂದು ಸಂಜೆ ಬ್ರಾಮ್ಸ್, ಮುಂದಿನ ವಾರ ದ್ವೋರ್ಜಾಕ್. ಮೂವರೂ ಹತ್ತೊಂಬತ್ತನೇ ಶತಮಾನದ ಯೂರೋಪಿನ ಸಂಗೀತ ರಚನಕಾರರು, ಎಲ್ಲದರ ಹೆಸರೂ ಪಿಯಾನೊ ಕ್ವಿಂಟೆಟ್. ಸಮಯ ಮತ್ತು ದುಡ್ಡು ಇರುವುದು ಒಂದಕ್ಕೆ ಮಾತ್ರ. ಯಾವುದಕ್ಕೆ ಹೋಗೋದು?

ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಅದೇ ಐದು ಜನ. ಒಂದು ಪಿಯಾನೊ, ಎರಡು ವಯಲಿನ್, ವಯಲಿನ್‌ಗಿಂತ ಸ್ವಲ್ಪ ದೊಡ್ಡದಾದ ಒಂದು ವಿಯೊಲಾ, ಅದಕ್ಕಿಂತ ದೊಡ್ಡದಾದ, ತಗ್ಗು ಧ್ವನಿಯ ಒಂದು ಚೆಲೊ. ಆದರೆ ಕೇಳಿದಾಗ ಆಗುವ ಅನುಭವ ಒಂದೊಂದರದೂ ಬೇರೆ. ಸಂಗೀತಗಾರನ ಹೆಸರು ಎಷ್ಟು ದೊಡ್ಡದು ಎಂದು ನೋಡಿ ಆರಿಸಿದರೆ ಈ ವ್ಯತ್ಯಾಸ ಸಿಗುವುದಿಲ್ಲ. ಪಿಯಾನೊ ಒಂದು ಕಡೆ, ನಾಲ್ಕು ತಂತಿವಾದ್ಯ ಇನ್ನೊಂದು ಕಡೆ. ಇವೆರಡು ಪರಸ್ಪರ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ನೋಡಿ ಆರಿಸಿ. ನಾನು ಮೊದಲು ನೋಡುವುದು ಇದನ್ನೇ.

ಯಾಕೆ ಅಂದರೆ ಈ ಐವರ ನಡುವೆ ಹುಟ್ಟಿನಿಂದಲೇ ಒಂದು ಜಗಳ ಇದೆ. ಪಿಯಾನೊ ಒಂದೇ ಸಲಕ್ಕೆ ಹತ್ತು ಸ್ವರ ನುಡಿಸಬಲ್ಲದು. ಜೋರು ಮಾಡಿದರೆ ನಾಲ್ವರನ್ನೂ ಮುಳುಗಿಸಬಲ್ಲದು. ಆದರೆ ಒಂದು ಸ್ವರವನ್ನು ಹಿಡಿದು ನಿಲ್ಲಿಸಲು ಅದಕ್ಕೆ ಆಗದು. ಒತ್ತಿದ ಕ್ಷಣದಿಂದಲೇ ಸ್ವರ ಕರಗುತ್ತಾ ಹೋಗುತ್ತದೆ. ವಯಲಿನ್, ಚೆಲೊಗಳು ಸ್ವರವನ್ನು ಎಳೆಯಬಲ್ಲವು, ಉಬ್ಬಿಸಬಲ್ಲವು. ನಮ್ಮ ಕಛೇರಿಯಲ್ಲಿ ಹಾಡುವವರು ಯಾರು, ಪಕ್ಕವಾದ್ಯ ಯಾರು ಎಂದು ಮೊದಲೇ ಗೊತ್ತಿರುತ್ತದೆ, ಅಲ್ವಾ? ಇಲ್ಲಿ ಆ ಜಾಗ ಗಳಿಗೆಗಳಿಗೆಗೂ ಕೈ ಬದಲಾಗುತ್ತದೆ. ಈ ಜಗಳವನ್ನು ಪ್ರತಿಯೊಬ್ಬ ಸಂಗೀತಗಾರನೂ ತನ್ನದೇ ದಾರಿಯಲ್ಲಿ ಬಗೆಹರಿಸಿದ್ದಾನೆ.

ಇನ್ನು ಉಳಿದ ಅಳತೆಗಳು ಸರಳ. ಮೊದಲ ಸಲ ಕೇಳಿದಾಗಲೇ ರಾಗ ಮನಸ್ಸಿಗೆ ಹಿಡಿಯುತ್ತದಾ? ಹೊರಗೆ ಬರುವಾಗ ಮನಸ್ಸು ಹಗುರ ಆಗಿರುತ್ತದಾ, ಭಾರ ಆಗಿರುತ್ತದಾ? ಎಷ್ಟು ಹೊತ್ತು ಗಮನ ಕೊಟ್ಟು ಕೂರಬೇಕು? ಟಿಕೆಟ್ಟಿಗೆ ಎಷ್ಟು ಖರ್ಚು, ಆ ಖರ್ಚಿನಲ್ಲಿ ಎಲ್ಲಿ ಕೂರಬಹುದು? ಈ ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಒಂದೊಂದನ್ನೇ ನೋಡೋಣ.

ಶೂಮನ್: ಅರ್ಧ ಗಂಟೆಯ ಹುರುಪು

ರಾಬರ್ಟ್ ಶೂಮನ್ 1842ರಲ್ಲಿ ಲೈಪ್‌ಜಿಗ್‌ನಲ್ಲಿ ಇದ್ದ. ಆ ವರ್ಷ ಅವನು ಬೇರೆಲ್ಲ ಬಿಟ್ಟು ಚೇಂಬರ್ ಸಂಗೀತದ, ಅಂದರೆ ಕೆಲವೇ ವಾದ್ಯಗಳ ಸಂಗೀತದ, ಬೆನ್ನು ಹತ್ತಿದ್ದ. ನಾಲ್ಕು ತಂತಿವಾದ್ಯಗಳ ಸ್ಟ್ರಿಂಗ್ ಕ್ವಾರ್ಟೆಟ್ ಮೂರನ್ನು ಬರೆದು ಮುಗಿಸಿ, ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳಲ್ಲಿ ಇ ಫ್ಲಾಟ್ ಮೇಜರ್ ಶ್ರುತಿಯ ಕ್ವಿಂಟೆಟ್ ಬರೆದ. ಓಪಸ್ 44, ಅಂದರೆ ಅವನ ಕೃತಿಗಳ ಪಟ್ಟಿಯಲ್ಲಿ ಅದರ ಸಂಖ್ಯೆ 44. ಪಿಯಾನೊ ಜೊತೆ ಪೂರ್ತಿ ಕ್ವಾರ್ಟೆಟ್ ಸೇರಿಸಿದವರಲ್ಲಿ ಅವನೇ ಮೊದಲಿಗ ಅಲ್ಲ. ಆದರೆ ಆಮೇಲೆ ಬಂದವರೆಲ್ಲ ಕಣ್ಣಮುಂದೆ ಇಟ್ಟುಕೊಂಡಿದ್ದು ಇವನ ಮಾದರಿಯನ್ನೇ.

ಇದನ್ನು ಅರ್ಪಿಸಿದ್ದು ಹೆಂಡತಿ ಕ್ಲಾರಾಗೆ. ಯೂರೋಪಿನ ದೊಡ್ಡ ಪಿಯಾನೊ ಕಲಾವಿದರಲ್ಲಿ ಆಕೆ ಒಬ್ಬಳು. ಡಿಸೆಂಬರ್‌ನಲ್ಲಿ ಮನೆಯ ಕಛೇರಿಯೊಂದರಲ್ಲಿ ಆಕೆ ನುಡಿಸಬೇಕಿತ್ತು. ಹುಷಾರಿಲ್ಲದೆ ಆಗಲಿಲ್ಲ. ಸಂಗೀತಗಾರ ಮೆಂಡೆಲ್ಸನ್ ಕೂತು, ಮೊದಲ ಸಲ ನೋಡಿದ ಹಾಳೆಯಿಂದಲೇ ನುಡಿಸಿಬಿಟ್ಟ. ಆಮೇಲೆ ಅವನು ಕೊಟ್ಟ ಸಲಹೆ ಕೇಳಿ ಶೂಮನ್ ಮೂರನೇ ಭಾಗದ ಒಂದು ತುಣುಕನ್ನು ಹೊಸದಾಗಿ ಬರೆದ. 1843ರ ಜನವರಿ 8ರಂದು ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಸಭಾಂಗಣದಲ್ಲಿ ಕ್ಲಾರಾ ಸಾರ್ವಜನಿಕವಾಗಿ ನುಡಿಸಿದಳು.

ಇಲ್ಲಿ ಪಿಯಾನೊ ಹೆಚ್ಚುಕಡಿಮೆ ಸುಮ್ಮನಿರುವುದೇ ಇಲ್ಲ. ಮೊದಲಿನಿಂದ ಕೊನೆವರೆಗೆ ಓಡುತ್ತಲೇ ಇರುತ್ತದೆ. ತಂತಿವಾದ್ಯಗಳು ನುಡಿಸುವುದನ್ನೇ ಎಷ್ಟೋ ಕಡೆ ಅದೂ ನುಡಿಸುತ್ತದೆ. ಇದರಿಂದ ಲಾಭವೂ ಇದೆ, ನಷ್ಟವೂ ಇದೆ. ಲಾಭ ಅಂದರೆ ಧ್ವನಿ ತುಂಬಿ ಬರುತ್ತದೆ, ಹೊಸಬರಿಗೂ ದಾರಿ ತಪ್ಪುವುದಿಲ್ಲ. ನಷ್ಟ ಅಂದರೆ ನಾಲ್ವರು ತಮ್ಮತಮ್ಮಲ್ಲೇ ಮಾತಾಡುವುದನ್ನು ಕೇಳುವ ಅವಕಾಶ ಕಡಿಮೆ. ಮೊದಲ ಭಾಗದಲ್ಲಿ ಚೆಲೊ ಮತ್ತು ವಿಯೊಲಾ ಒಂದು ಎಳೆಯನ್ನು ಒಬ್ಬರಿಂದ ಒಬ್ಬರು ಎತ್ತಿಕೊಳ್ಳುವ ಜಾಗ ಇದೆ. ಅದನ್ನು ತಪ್ಪಿಸಿಕೊಳ್ಳಬೇಡಿ. ಎರಡನೇ ಭಾಗ ಶವಯಾತ್ರೆಯ ನಡಿಗೆ, ತಡೆದು ತಡೆದು ಹೆಜ್ಜೆ ಇಡುತ್ತದೆ. ಕೊನೆಯ ಭಾಗದ ಅಂತ್ಯದಲ್ಲಿ ಮೊಟ್ಟಮೊದಲು ಕೇಳಿದ ರಾಗ ಮತ್ತೆ ಬಂದು, ಕೊನೆಯ ಭಾಗದ ರಾಗದ ಜೊತೆ ಹೆಣೆದುಕೊಳ್ಳುತ್ತದೆ. ಆ ಗಳಿಗೆಯನ್ನು ಎದುರು ಕೂತು ಕೇಳಿದರೆ ಮೈ ಜುಮ್ ಅನ್ನುತ್ತದೆ.

ಒಟ್ಟು ಅರ್ಧ ಗಂಟೆ. ಮಧ್ಯಾಹ್ನ ಊಟದ ಹೊತ್ತಿನ ಕಛೇರಿಗೆ ಹೋಗುವವರಿಗೆ, ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗುವವರಿಗೆ ಇದಕ್ಕಿಂತ ಒಳ್ಳೆಯದು ಸಿಗದು.

ಬ್ರಾಮ್ಸ್: ಮೂರು ಸಲ ಬರೆದ ಕೃತಿ

ಬ್ರಾಮ್ಸ್‌ನ ಎಫ್ ಮೈನರ್ ಕ್ವಿಂಟೆಟ್, ಓಪಸ್ 34, ಸುಲಭವಾಗಿ ಹುಟ್ಟಿದ್ದಲ್ಲ. 1862ರಲ್ಲಿ ಅವನು ಬರೆದಾಗ ಅದರಲ್ಲಿ ಪಿಯಾನೊ ಇರಲೇ ಇಲ್ಲ. ಎರಡು ಚೆಲೊ ಇದ್ದ ಐದು ತಂತಿವಾದ್ಯಗಳ ಕೃತಿ ಅದು. ಗೆಳೆಯ, ವಯಲಿನ್ ಕಲಾವಿದ ಯೋಆಕಿಂಗೆ ಅದರ ಧ್ವನಿ ಒಪ್ಪಿಗೆ ಆಗಲಿಲ್ಲ. ಬ್ರಾಮ್ಸ್ ಅದನ್ನು ಎರಡು ಪಿಯಾನೊಗಳ ಸೊನಾಟ ಮಾಡಿದ. ಈಗ ತಂತಿಯ ಕಾವು ಇಲ್ಲ ಎಂಬ ಕೊರಗು. ಕ್ಲಾರಾ ಶೂಮನ್ ಮತ್ತೆ ಬರೆಯಲು ಒತ್ತಾಯಿಸಿದಳು. 1864ರಲ್ಲಿ ಎರಡನ್ನೂ ಸೇರಿಸಿ ಪಿಯಾನೊ ಕ್ವಿಂಟೆಟ್ ಮಾಡಿದ. ಮೊದಲ ರೂಪವನ್ನು ನಾಶ ಮಾಡಿಬಿಟ್ಟ. ಎರಡು ಪಿಯಾನೊಗಳ ರೂಪ ಉಳಿದಿದೆ, ಇವತ್ತಿಗೂ ನುಡಿಸುತ್ತಾರೆ.

ಈ ಇತಿಹಾಸ ಕಿವಿಗೆ ಕೇಳಿಸುತ್ತದೆ. ಪಿಯಾನೊ ಮತ್ತು ತಂತಿಗಳು ಇಲ್ಲಿ ಸರಿಸಮ. ಶುರುವಿನಲ್ಲೇ ಮೊದಲ ವಯಲಿನ್, ಚೆಲೊ, ಪಿಯಾನೊ ಮೂರೂ ಒಂದೇ ರಾಗವನ್ನು ಒಟ್ಟಿಗೆ ಮೆಲ್ಲಗೆ ನುಡಿಸಿ ನಿಲ್ಲುತ್ತವೆ. ಒಂದು ಕ್ಷಣ ಮೌನ. ಆಮೇಲೆ ಬಿರುಗಾಳಿ. ಆಮೇಲಿನ ನಲವತ್ತು ನಿಮಿಷದಲ್ಲಿ ಯಾರೂ ಯಾರಿಗೂ ಸುಲಭಕ್ಕೆ ಸೋಲುವುದಿಲ್ಲ. ಮೂರನೇ ಭಾಗ ಚೆಲೊ ತಂತಿಯನ್ನು ಬೆರಳಿನಿಂದ ಮೀಟುವುದರಿಂದ ಶುರುವಾಗುತ್ತದೆ. ಕತ್ತಲಲ್ಲಿ ಯಾರೋ ನಡೆದು ಬರುವ ಹಾಗಿರುವ ಆ ಮೀಟು ಸ್ವಲ್ಪ ಹೊತ್ತಿಗೆ ದೊಡ್ಡ ದಂಡಯಾತ್ರೆ ಆಗುತ್ತದೆ.

ಆದರೆ ಮೊದಲ ಸಲಕ್ಕೆ ಇದು ದಟ್ಟ ಅನ್ನಿಸುತ್ತದೆ. ಒಂದರ ಮೇಲೊಂದು ಪದರ. ರಾಗಗಳು ಗುನುಗಲು ಸುಲಭ ಅಲ್ಲ, ಎರಡನೇ ಭಾಗದ ಜೋಗುಳದಂಥ ರಾಗ ಒಂದನ್ನು ಬಿಟ್ಟು. ದಣಿದು ಆಫೀಸಿನಿಂದ ನೇರ ಹೋಗಿ ಕೂರುವ ಸಂಜೆಗೆ ಇದು ಬೇಡ. ಚೇಂಬರ್ ಸಂಗೀತ ಈಗಾಗಲೇ ಒಂದಿಷ್ಟು ಕೇಳಿದ್ದೀರಿ, ಮನಸ್ಸು ಪೂರ್ತಿ ಕೊಡಲು ತಯಾರಿದ್ದೀರಿ ಅಂದರೆ ಇಡೀ ಪಟ್ಟಿಯಲ್ಲಿ ದುಡ್ಡಿಗೆ ಹೆಚ್ಚು ಕೊಡುವ ಕೃತಿ ಇದೇ. ಪ್ರತಿ ಸಲ ಕೇಳಿದಾಗಲೂ ಹೊಸದೇನೋ ಸಿಗುತ್ತದೆ.

ದ್ವೋರ್ಜಾಕ್: ಮೊದಲ ಸಲಕ್ಕೆ ನನ್ನ ಆಯ್ಕೆ

ಹೊಸಬರಿಗೆ ಸಾಮಾನ್ಯವಾಗಿ ಶೂಮನ್ ಹೇಳುವುದು ರೂಢಿ. ನಾನು ದ್ವೋರ್ಜಾಕ್ ಹೇಳುತ್ತೇನೆ. ಎ ಮೇಜರ್, ಓಪಸ್ 81.

ಮೂವತ್ತರ ಹರೆಯದಲ್ಲಿ, 1872ರಲ್ಲಿ, ಅವನು ಇದೇ ಶ್ರುತಿಯಲ್ಲಿ ಒಂದು ಕ್ವಿಂಟೆಟ್ ಬರೆದಿದ್ದ. ಇಷ್ಟವಾಗದೆ ಹಸ್ತಪ್ರತಿಯನ್ನೇ ನಾಶ ಮಾಡಿದ. ಹದಿನೈದು ವರ್ಷ ಆದ ಮೇಲೆ ಗೆಳೆಯನ ಹತ್ತಿರ ಇದ್ದ ಪ್ರತಿಯನ್ನು ತರಿಸಿಕೊಂಡು ತಿದ್ದಲು ಕೂತ. ತಿದ್ದಿದರೂ ಸಮಾಧಾನ ಆಗಲಿಲ್ಲ. ಹೊಸದನ್ನೇ ಬರೆಯೋಣ ಅಂತ 1887ರ ಆಗಸ್ಟ್‌ನಲ್ಲಿ ಶುರು ಮಾಡಿ ಅಕ್ಟೋಬರ್‌ಗೆ ಮುಗಿಸಿದ. ಬೊಹೀಮಿಯಾದ ವಿಸೋಕಾ ಎಂಬ ಹಳ್ಳಿಯಲ್ಲಿ ಅವನಿಗೆ ಬೇಸಿಗೆ ಮನೆ ಇತ್ತು, ಅಲ್ಲಿ. ಮೊದಲ ಕಛೇರಿ 1888ರ ಜನವರಿ 6ರಂದು ಪ್ರಾಗ್‌ನಲ್ಲಿ ನಡೆಯಿತು.

ಶುರುವಾಗುವುದೇ ಚೆಲೊ ಹಾಡಿನಿಂದ. ಕೆಳಗೆ ಪಿಯಾನೊ ಮೆಲ್ಲಗೆ ಅಲೆ ಎಬ್ಬಿಸುತ್ತಿರುತ್ತದೆ, ಅಷ್ಟೇ. ಆ ರಾಗ ಹಿಡಿಯಲು ಯಾವ ತಯಾರಿಯೂ ಬೇಡ. ಇದು ಹೀಗೇ ಹಾಯಾಗಿ ಹೋಗುತ್ತದೆ ಅಂದುಕೊಳ್ಳುವಷ್ಟರಲ್ಲಿ ಬೆಳಕಿನಂಥ ಮೇಜರ್ ಶ್ರುತಿ ಕತ್ತಲಿನಂಥ ಮೈನರ್ ಆಗಿ ತಿರುಗಿ ಐವರೂ ಎದ್ದು ನಿಲ್ಲುತ್ತಾರೆ. ದ್ವೋರ್ಜಾಕ್ ಸ್ವತಃ ವಿಯೊಲಾ ನುಡಿಸುತ್ತಿದ್ದವನು. ಹಾಗಾಗಿ ಬೇರೆ ಕಡೆ ನಡುವೆ ಅಡಗಿರುವ ವಿಯೊಲಾಗೆ ಇಲ್ಲಿ ಒಳ್ಳೊಳ್ಳೆಯ ರಾಗ ಸಿಕ್ಕಿವೆ.

ಎರಡನೇ ಭಾಗದ ಹೆಸರು ದುಮ್ಕಾ. ಸ್ಲಾವ್ ಜನರ ಜಾನಪದದಿಂದ ಬಂದ ರೂಪ. ವಿಷಾದದ ನಿಧಾನ ರಾಗ ಬರುತ್ತದೆ, ನಡುವೆ ಇದ್ದಕ್ಕಿದ್ದಂತೆ ಕುಣಿತ, ಮತ್ತೆ ವಿಷಾದ. ಪಿಯಾನೊ ಇಲ್ಲಿ ಒಂಟಿ ಒಂಟಿ ಸ್ವರಗಳನ್ನು ಬಿಡಿಸಿ ಇಡುತ್ತದೆ. ತನ್ನ ಸ್ವರ ಕರಗಿ ಹೋಗುವುದನ್ನೇ ಅದು ಗುಣ ಮಾಡಿಕೊಂಡಿದೆ. ನಾನು ಕೇಳಿದ ಪಿಯಾನೊ ಕ್ವಿಂಟೆಟ್‌ಗಳಲ್ಲಿ ಆ ಜಗಳ ಇಷ್ಟು ಚೆನ್ನಾಗಿ ಬಗೆಹರಿದ ಜಾಗ ಇನ್ನೊಂದಿಲ್ಲ. ಮೂರನೆಯದು ಫ್ಯೂರಿಯಂಟ್, ವೇಗದ ಬೊಹೀಮಿಯನ್ ಕುಣಿತ. ಕೊನೆಯ ಭಾಗವೂ ಕುಣಿತದ ನಡೆಯದೇ. ಮುಗಿಯುವ ಸ್ವಲ್ಪ ಮೊದಲು ಎಲ್ಲ ಶಾಂತವಾಗಿ ಪ್ರಾರ್ಥನೆಯಂಥ ಒಂದು ತುಣುಕು ಬರುತ್ತದೆ. ಅಲ್ಲಿ ಸಭಾಂಗಣದ ಉಸಿರೇ ನಿಂತಿರುತ್ತದೆ.

ನಲವತ್ತು ನಿಮಿಷದ ಕೃತಿ. ಬ್ರಾಮ್ಸ್‌ನಷ್ಟೇ ಉದ್ದ, ಆದರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಕೊರತೆ ಒಂದಿದೆ. ಬ್ರಾಮ್ಸ್‌ನಲ್ಲಿ ಎಲ್ಲವೂ ಒಂದೇ ಬೀಜದಿಂದ ಬೆಳೆದ ಹಾಗಿರುತ್ತದೆ. ಆ ಬಿಗಿ ಇದರಲ್ಲಿ ಇಲ್ಲ. ಆ ಬಿಗಿಗಾಗಿಯೇ ಚೇಂಬರ್ ಸಂಗೀತ ಕೇಳುವವರಿಗೆ ಇದು ಸ್ವಲ್ಪ ಸಡಿಲ ಅನ್ನಿಸಬಹುದು.

ಪಟ್ಟಿಯಲ್ಲಿ ಕಾಣುವ ಉಳಿದವು

ಶೂಬರ್ಟ್‌ನ 'ಟ್ರೌಟ್' ಕ್ವಿಂಟೆಟ್ 1819ರದು. ಬರೆದಾಗ ಅವನಿಗೆ 22 ವರ್ಷ. ಎರಡನೇ ವಯಲಿನ್ ಜಾಗದಲ್ಲಿ ಇಲ್ಲಿ ಡಬಲ್ ಬೇಸ್ ಇದೆ. ಕೆಳಗಿನ ಸ್ವರಗಳನ್ನು ಅದು ನೋಡಿಕೊಳ್ಳುವುದರಿಂದ ಚೆಲೊಗೆ ಹಾಡಲು ಬಿಡುವು, ಪಿಯಾನೊಗೆ ಮೇಲೆ ಮೇಲೆ ಹಾರಾಡಲು ಬಿಡುವು. ನಾಲ್ಕನೇ ಭಾಗ ಅವನದೇ ಒಂದು ಹಾಡಿನ ಮೇಲೆ ಕಟ್ಟಿದ್ದು. ಭಾರ ಬೇಡ, ಸಂತೋಷ ಬೇಕು ಅನ್ನುವವರಿಗೆ ಇದು. ಡಬಲ್ ಬೇಸ್ ಕಲಾವಿದರು ಹೇಗೂ ಬಂದಿರುತ್ತಾರಲ್ಲ ಅಂತ, ಇದೇ ಐದು ವಾದ್ಯಗಳಿಗೆ ಬರೆದ ಲೂಯಿಸ್ ಫರೆಂಕ್‌ಳ ಕ್ವಿಂಟೆಟ್ ಒಂದನ್ನು ಕೆಲವರು ಜೊತೆಗೆ ಸೇರಿಸುತ್ತಾರೆ. 1842ರಿಂದ ಮೂವತ್ತು ವರ್ಷ ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಪಿಯಾನೊ ಕಲಿಸಿದವಳು ಆಕೆ. ಅಂಥ ಜೋಡಿ ಕಂಡರೆ ಬಿಡಬೇಡಿ, ಅಪರೂಪ.

ಸೀಸರ್ ಫ್ರಾಂಕ್‌ನ ಎಫ್ ಮೈನರ್ ಕ್ವಿಂಟೆಟ್ (1879) ಇದಕ್ಕೆ ಪೂರ್ತಿ ವಿರುದ್ಧ. ಮೂರೇ ಭಾಗ. ಒಂದೇ ರಾಗ ಮೂರರಲ್ಲೂ ವೇಷ ಬದಲಿಸಿ ಬರುತ್ತದೆ. ಪಿಸುಮಾತಿನಿಂದ ಕಿರುಚಾಟದವರೆಗೆ ಹೋಗುತ್ತದೆ. 1880ರಲ್ಲಿ ಮೊದಲ ಸಲ ಪಿಯಾನೊ ನುಡಿಸಿದ್ದು ಫ್ರೆಂಚ್ ಸಂಗೀತಗಾರ ಸ್ಯಾನ್ ಸಾನ್ಸ್. ಕೃತಿಯನ್ನು ಅರ್ಪಿಸಿದ್ದೂ ಅವನಿಗೇ. ಮುಗಿದ ಮೇಲೆ ಹಸ್ತಪ್ರತಿಯನ್ನು ಅಲ್ಲೇ ಬಿಟ್ಟು ಅವನು ವೇದಿಕೆಯಿಂದ ಇಳಿದು ಹೋದ ಎಂಬ ಕಥೆ ಪ್ರಸಿದ್ಧ. ಕಾವು ಜಾಸ್ತಿ ಇರುವ ಸಂಗೀತ ಇಷ್ಟಪಡುವವರಿಗೆ ಇದು ಹುಚ್ಚು ಹಿಡಿಸುತ್ತದೆ. ಉಳಿದವರಿಗೆ ಸುಸ್ತು.

ಬಾಸ್ಟನ್ ಕಡೆ ಇರುವವರು ಏಮಿ ಬೀಚ್ ಹೆಸರು ಹುಡುಕಿ. ಬಾಲ್ಯದಲ್ಲೇ ಪಿಯಾನೊದಲ್ಲಿ ಹೆಸರು ಮಾಡಿದ್ದವಳು 1885ರಲ್ಲಿ ಮದುವೆಯಾದ ಮೇಲೆ ಕಛೇರಿಗಳನ್ನು ತೀರಾ ಕಡಿಮೆ ಮಾಡಿ, ಬರೆಯುವುದಕ್ಕೆ ತೊಡಗಿದಳು. ಬ್ರಾಮ್ಸ್ ಕ್ವಿಂಟೆಟ್ಟನ್ನು ವೇದಿಕೆಯಲ್ಲಿ ನುಡಿಸಿದ್ದಳು. 1907ರಲ್ಲಿ ಬರೆದ ಎಫ್ ಶಾರ್ಪ್ ಮೈನರ್ ಕ್ವಿಂಟೆಟ್‌ನಲ್ಲಿ ಅದರ ನೆರಳು ಇದೆ. ಬ್ರಾಮ್ಸ್ ಇಷ್ಟ, ಆದರೆ ಅಷ್ಟು ಉದ್ದ ಬೇಡ ಅನ್ನುವವರಿಗೆ ಅರ್ಧ ಗಂಟೆಯ ಈ ಕೃತಿ ಚೆನ್ನಾಗಿ ಹೊಂದುತ್ತದೆ. ಎಲ್ಗರ್‌ನ ಎ ಮೈನರ್ ಕ್ವಿಂಟೆಟ್ ಮೊದಲ ಮಹಾಯುದ್ಧ ಮುಗಿಯುವ ಹೊತ್ತಿನದು. ಸಸೆಕ್ಸ್‌ನ ಕಾಡಿನ ನಡುವಿನ ಮನೆಯಲ್ಲಿ ಬರೆದು 1919ರಲ್ಲಿ ಲಂಡನ್ನಿನ ವಿಗ್ಮೋರ್ ಹಾಲ್‌ನಲ್ಲಿ ಹೊರಬಂತು. ನಡುವಿನ ನಿಧಾನ ಭಾಗದಲ್ಲಿ ವಿಯೊಲಾ ಎತ್ತಿಕೊಳ್ಳುವ ರಾಗಕ್ಕಾಗಿಯೇ ಹೋಗಬಹುದು. ಫೋರೆಯ ಎರಡು ಕ್ವಿಂಟೆಟ್‌ಗಳನ್ನು ಸದ್ಯಕ್ಕೆ ಮುಂದಕ್ಕೆ ಇಡಿ. ಸೂಕ್ಷ್ಮವಾದವು, ಮೊದಲ ಸಲ ಕೈಗೆ ಸಿಗುವುದಿಲ್ಲ.

ನಮ್ಮವರಿಗೆ ವಿಶೇಷ ಅನ್ನಿಸುವ ಇನ್ನೊಂದಿದೆ. ರಷ್ಯಾದ ನಿಕೊಲಾಯ್ ಮೆಟ್ನರ್ ಇಪ್ಪತ್ತನೇ ಶತಮಾನದ ಮಧ್ಯದವರೆಗೂ ಹತ್ತೊಂಬತ್ತನೇ ಶತಮಾನದ ರೊಮ್ಯಾಂಟಿಕ್ ದಾರಿ ಬಿಡದವನು. ಕೊನೆಯ ವರ್ಷಗಳಲ್ಲಿ ಲಂಡನ್ನಿನಲ್ಲಿ ಇದ್ದಾಗ ಅವನ ಕೈ ಹಿಡಿದವರು ನಮ್ಮ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಅವನ ಕೃತಿಗಳನ್ನು ಅವನೇ ನುಡಿಸಿ ರೆಕಾರ್ಡ್ ಮಾಡಲು ಹಣ ಕೊಟ್ಟವರು ಅವರು. ಮೆಟ್ನರ್ ಪಿಯಾನೊ ಮತ್ತು ವಾದ್ಯವೃಂದಕ್ಕೆ ಬರೆದ ತನ್ನ ಮೂರನೇ ಕನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಸಿ ಮೇಜರ್ ಪಿಯಾನೊ ಕ್ವಿಂಟೆಟ್ ಅನ್ನೂ ಆ ಕೊನೆಯ ವರ್ಷಗಳಲ್ಲೇ ಮುಗಿಸಿದ. ಕಛೇರಿಗಳಲ್ಲಿ ಅಪರೂಪ. ಎಲ್ಲಾದರೂ ಕಂಡರೆ ಬೇರೆ ಲೆಕ್ಕಾಚಾರ ಬಿಟ್ಟು ಹೋಗಿ ಅನ್ನುತ್ತೇನೆ.

ಯಾರು ನುಡಿಸುತ್ತಾರೆ, ಎಲ್ಲಿ ಕೂರೋದು

ಕೃತಿ ಆರಿಸಿದ ಮೇಲೂ ಎರಡು ವಿಷಯ ನೋಡಿ. ಒಂದು, ಅದರ ಜೊತೆ ಏನು ನುಡಿಸುತ್ತಾರೆ. ಒಂದೇ ಸಂಜೆಗೆ ಎರಡು ಕ್ವಿಂಟೆಟ್ ಇದ್ದರೆ ಶೂಮನ್ ಮತ್ತು ದ್ವೋರ್ಜಾಕ್ ಜೋಡಿ ಅತ್ಯುತ್ತಮ. ಶೂಮನ್ ಮತ್ತು ಬ್ರಾಮ್ಸ್ ಕೂಡ ಸರಿ, ಕ್ಲಾರಾ ಇಬ್ಬರಿಗೂ ಕೊಂಡಿ. ಬ್ರಾಮ್ಸ್ ಮತ್ತು ಫ್ರಾಂಕ್ ಒಟ್ಟಿಗೆ ಬೇಡ. ಎರಡೂ ಎಫ್ ಮೈನರ್, ಎರಡೂ ಭಾರ. ವಿರಾಮದ ನಂತರ ಕಿವಿ ಕೇಳುವುದಿಲ್ಲ.

ಇನ್ನೊಂದು, ತಂಡ. ವರ್ಷಗಟ್ಟಲೆ ಒಟ್ಟಿಗೆ ಇರುವ ಕ್ವಾರ್ಟೆಟ್ ಒಬ್ಬ ಅತಿಥಿ ಪಿಯಾನೊ ಕಲಾವಿದರನ್ನು ಕರೆದಿರಬಹುದು. ಅಥವಾ ಸಂಗೀತೋತ್ಸವಕ್ಕೆ ಬಂದ ಐವರು ಹೆಸರಾಂತರು ಕೆಲವೇ ದಿನ ಅಭ್ಯಾಸ ಮಾಡಿ ನುಡಿಸಬಹುದು. ಬ್ರಾಮ್ಸ್‌ಗೆ ಮೊದಲನೆಯದೇ ಬೇಕು. ನಾಲ್ವರ ಬಿಲ್ಲು ಒಂದೇ ಉಸಿರಿನಲ್ಲಿ ಓಡದಿದ್ದರೆ ಆ ಪದರಗಳೆಲ್ಲ ಕಲಸಿಹೋಗುತ್ತವೆ. ಶೂಮನ್, ಟ್ರೌಟ್‌ಗಳಿಗೆ ಉತ್ಸವದ ತಂಡವೂ ಚೆಂದ. ಹೊಸ ಪರಿಚಯದ ಉತ್ಸಾಹ ಅಲ್ಲಿ ಕೆಲಸಕ್ಕೆ ಬರುತ್ತದೆ.

ದುಡ್ಡನ್ನು ಕಲಾವಿದರ ಖ್ಯಾತಿಗಿಂತ ಹತ್ತಿರಕ್ಕೆ ಖರ್ಚು ಮಾಡಿ. ಎರಡು ಸಾವಿರ ಜನ ಕೂರುವ ಹಾಲ್‌ನ ಹಿಂದಿನ ಸಾಲಿಗಿಂತ, ಐನೂರು ಜನ ಕೂರುವ ಹಾಲ್‌ನ ನಡುವಿನ ಸಾಲಿನಲ್ಲಿ ಅಷ್ಟೇನೂ ಹೆಸರಿಲ್ಲದ ತಂಡ ಎಷ್ಟೋ ಮೇಲು. ಐವರು ಒಬ್ಬರನ್ನೊಬ್ಬರು ಕಣ್ಣಲ್ಲೇ ಕರೆಯುವುದು ಕಾಣಬೇಕು. ತೀರಾ ಮುಂದಿನ ಸಾಲೂ ಬೇಡ. ಪಿಯಾನೊದ ಮುಚ್ಚಳ ಸಭಿಕರ ಕಡೆಗೆ ತೆರೆದಿರುತ್ತದೆ, ಅದರ ಧ್ವನಿ ಜಾಸ್ತಿ ಹೊಡೆಯುತ್ತದೆ. ಐದಾರು ಸಾಲು ಹಿಂದೆ ಇದ್ದರೆ ಒಳ್ಳೆಯದು. ಪಿಯಾನೊ ನುಡಿಸುವ ಬೆರಳು ನೋಡಬೇಕು ಅಂದರೆ ಎಡಗಡೆ ಕೂರಿ. ಸಣ್ಣ ಹಾಲ್‌ನ ಬಾಲ್ಕನಿಯ ಮೊದಲ ಸಾಲೂ ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ.

ದುಡ್ಡೇ ಖರ್ಚಿಲ್ಲದ ದಾರಿಗಳೂ ಇವೆ. ಆಮ್‌ಸ್ಟರ್‌ಡ್ಯಾಮ್‌ನ ಕನ್ಸರ್ಟ್‌ಹೆಬೌ ಸಭಾಂಗಣ ಬುಧವಾರ ಮಧ್ಯಾಹ್ನದ ಉಚಿತ ಕಛೇರಿಗಳಿಗೆ ಹೆಸರುವಾಸಿ. ಯೂರೋಪಿನ ಬಹಳಷ್ಟು ಸಂಗೀತ ಶಾಲೆಗಳಲ್ಲಿ ವಿದ್ಯಾರ್ಥಿಗಳ ಚೇಂಬರ್ ಕಛೇರಿಗೆ ಟಿಕೆಟ್ ಇರುವುದಿಲ್ಲ ಅಥವಾ ತೀರಾ ಕಡಿಮೆ. ಅಲ್ಲಿ ಶೂಮನ್, ದ್ವೋರ್ಜಾಕ್ ಮತ್ತೆ ಮತ್ತೆ ಬರುತ್ತವೆ. ವಿಗ್ಮೋರ್ ಹಾಲ್ ತನ್ನ ಕೆಲವು ಕಛೇರಿಗಳನ್ನು ಅಂತರ್ಜಾಲದಲ್ಲಿ ತೋರಿಸುತ್ತದೆ. ಭಾರತದಲ್ಲಿ ಇರುವವರು ಮುಂಬೈನ ಎನ್‌ಸಿಪಿಎ ಕಲಾಕೇಂದ್ರದ ಪಟ್ಟಿಯ ಮೇಲೆ ಕಣ್ಣಿಡಿ. ಬೆಂಗಳೂರಿನವರು 1987ರಲ್ಲಿ ಶುರುವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನ ಪ್ರಕಟಣೆಗಳನ್ನು ನೋಡುತ್ತಿರಿ.

ಮೊದಲ ಸಲ ಹೋಗುವವರಿಗೆ ಒಂದು ಮಾತು. ನಮ್ಮಲ್ಲಿ ಇಷ್ಟವಾದ ಸಂಗತಿ ಬಂದಾಗ ತಲೆದೂಗಿ 'ಭೇಷ್' ಅನ್ನುತ್ತೇವೆ. ಇಲ್ಲಿ ಎಲ್ಲ ಭಾಗ ಮುಗಿದ ಮೇಲೆಯೇ ಚಪ್ಪಾಳೆ. ದ್ವೋರ್ಜಾಕ್, ಬ್ರಾಮ್ಸ್, ಶೂಮನ್ ಮೂರರಲ್ಲೂ ನಾಲ್ಕು ಭಾಗ, ಫ್ರಾಂಕ್, ಬೀಚ್, ಎಲ್ಗರ್‌ನಲ್ಲಿ ಮೂರು, ಟ್ರೌಟ್‌ನಲ್ಲಿ ಐದು. ಎಣಿಸಿಕೊಂಡರೆ ಸಾಕು.

ಇಷ್ಟೆಲ್ಲ ಆದ ಮೇಲೂ ಎರಡರ ನಡುವೆ ತೂಗಾಡುತ್ತಿದ್ದರೆ, ಮನೆಯಲ್ಲಿ ಎರಡರ ಎರಡನೇ ಭಾಗವನ್ನು ಮಾತ್ರ ಕೇಳಿ, ಒಂದಾದ ಮೇಲೊಂದು. ಮೊದಲ ಭಾಗ ಕೇಳಬೇಡಿ. ಅಲ್ಲಿ ಎಲ್ಲರೂ ಹುರುಪಿನಲ್ಲಿ ಇರುತ್ತಾರೆ, ವ್ಯತ್ಯಾಸ ತಿಳಿಯುವುದಿಲ್ಲ. ಶೂಮನ್‌ನ ಶವಯಾತ್ರೆ, ಬ್ರಾಮ್ಸ್‌ನ ಜೋಗುಳ, ದ್ವೋರ್ಜಾಕ್‌ನ ದುಮ್ಕಾ, ಫ್ರಾಂಕ್‌ನ ಅಳಲು. ನಿಧಾನದ ಭಾಗದಲ್ಲಿ ಪಿಯಾನೊ ಮತ್ತು ತಂತಿಗಳು ಒಂದಕ್ಕೊಂದು ಎಷ್ಟು ಜಾಗ ಬಿಡುತ್ತವೆ ಎಂಬುದು ಪೂರ್ತಿ ಬಯಲಾಗುತ್ತದೆ. ಯಾವುದನ್ನು ನಡುವೆ ನಿಲ್ಲಿಸಲು ಮನಸ್ಸು ಬರಲಿಲ್ಲವೋ ಆ ಸಂಜೆಯ ಟಿಕೆಟ್ ತೆಗೆಯಿರಿ.